ಸಮುದ್ರಕ್ಕೆ ಬೆನ್ನು ಹಾಕಿದ ಅನುಮಾನದ ಕಟ್ಟೆ

ಕುಂದಾಪುರದಿಂದ ಉತ್ತರಕ್ಕೆ, ಹೊಳೆ ಸಮುದ್ರ ಸೇರುವ ಅಳಿವೆಯ ಬದಿಯಲ್ಲಿ ಹಳೆಯ ಬಂಡಸಾಲೆಯೊಂದರ ಮೂರು ಗೋಡೆಗಳು ಇಂದಿಗೂ ನಿಂತಿವೆ. ಸರಕು ಹಡಗು ಹತ್ತುವ ತನಕ ಕೂಡಿಡುತ್ತಿದ್ದ ಜಾಗ ಅದು. ಪಡುವಣ ಗೋಡೆ ಇಲ್ಲ. ಬಾಗಿಲಿನ ದಾರಂದ ಇದೆ, ಬಾಗಿಲು ಇಲ್ಲ. ಗೋಡೆಯಿಲ್ಲದ ಬದಿಗೆ ಕೆಂಪುಕಲ್ಲಿನ ಒಂದು ಕಟ್ಟೆ. ಒರಗುವ ಕಲ್ಲನ್ನು ಕಡಲ ಕಡೆಗೆ ನಿಲ್ಲಿಸಿರುವುದರಿಂದ ಅಲ್ಲಿ ಕೂತವನಿಗೆ ಕಾಣುವುದು ಖಾಲಿ ಬಂಡಸಾಲೆ ಮಾತ್ರ. ಊರವರು ಇದನ್ನು ಅನುಮಾನದ ಕಟ್ಟೆ ಎನ್ನುತ್ತಾರೆ. ಕಾಫಿ ಬೀಜ ಕೊಂಡು ಮಾರಿ ಬದುಕಿದ ನನಗೆ ಕಥೆಯನ್ನೂ ಹಿಡಿ ತೆಗೆದು ಮೂಸಿ ನೋಡುವ ಅಭ್ಯಾಸ. ಮೂಸಿದ ಮೇಲೆ ಉಳಿದದ್ದು ಇಷ್ಟು.

ಕಾಫಿ ನಮ್ಮ ನಾಡಿಗೆ ಬಂದದ್ದೇ ಅನುಮಾನದ ಕಣ್ಣು ತಪ್ಪಿಸಿ. ಅರಬರು ಮೊಳೆಯುವ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲವಂತೆ, ಬೇಯಿಸಿಯೋ ಹುರಿದೋ ಮಾರುತ್ತಿದ್ದರಂತೆ. ಹಸಿ ಬೀಜವನ್ನು ಫಕೀರರೊಬ್ಬರು ಮೈಮೇಲೆ ಮರೆಮಾಡಿ ತಂದರು ಎನ್ನುತ್ತಾರೆ. ಅದು ಘಟ್ಟದ ಮೇಲೆ ಬೆಳೆದು, ಎತ್ತಿನ ಹೇರಿನಲ್ಲಿ ಕರಾವಳಿಗೆ ಇಳಿಯತೊಡಗಿದ ಕಾಲ. ಆಗೊಮ್ಮೆ ಚೆನ್ನವೀರ ಶೆಟ್ಟಿ ಎಂಬ ಘಟ್ಟದ ವ್ಯಾಪಾರಿ ತನ್ನ ಸರಕನ್ನೆಲ್ಲ ಇದೇ ಬಂಡಸಾಲೆಯಲ್ಲಿ ಇಳಿಸಿದ. ಅದನ್ನು ಕಾಯುತ್ತಿದ್ದವನು ಬಡಿಯ ಮರಕಾಲ, ಮೀನು ಹಿಡಿಯುವ ಮೊಗವೀರರವನು. ಆ ವರ್ಷ ಮಳೆ ಬೇಗ ಹಿಡಿದು ಹಡಗುಗಳು ಹೊರಡಲಿಲ್ಲ. ಮೊದಲ ಬಿರುಗಾಳಿಗೇ ಪಡುವಣ ಗೋಡೆ ಬಿತ್ತು. ಬಡಿಯ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮಳೆಯನ್ನೇನೋ ತಡೆದ. ಗಾಳಿ ಮಾತ್ರ ತಡೆಯಿಲ್ಲದೆ ಒಳಗೆ ಓಡಾಡಿತು.

ಶೆಟ್ಟಿಯದು ಒಂದು ಪದ್ಧತಿ. ಹೇರು ಕಟ್ಟುವಾಗ ಪ್ರತಿ ಚೀಲದಿಂದ ಹಿಡಿ ಬೀಜ ತೆಗೆದು ಭರಣಿಗೆ ತುಂಬಿ, ಬಾಯಿಗೆ ಮೇಣ ಮೆತ್ತಿ, ತನ್ನ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು. ಸರಕು ಬದಲಾದರೆ ಭರಣಿಯೇ ಸಾಕ್ಷಿ. ಶ್ರಾವಣದಲ್ಲಿ ಮಳೆ ಬಿಟ್ಟು ಹೊಳವಾದಾಗ ಅವನು ಭರಣಿ ಹೊತ್ತು ಘಟ್ಟ ಇಳಿದು ಬಂದು ಚೀಲ ಬಿಚ್ಚಿಸಿದ. ಭರಣಿಯ ಬೀಜ ಹಸಿರು, ಗಟ್ಟಿ. ಚೀಲದ್ದು ಒಣಹುಲ್ಲಿನ ಬಣ್ಣ, ಉಬ್ಬಿಕೊಂಡಿದೆ, ತೂಕವೂ ಹೆಚ್ಚು. ಒಳ್ಳೆಯದನ್ನು ತೆಗೆದು ಉಳಿದದ್ದಕ್ಕೆ ನೀರು ಕುಡಿಸಿ ತೂಕ ಕಟ್ಟುವ ಕಳ್ಳತನ ನಮ್ಮ ವ್ಯಾಪಾರದಲ್ಲಿ ಹೊಸದಲ್ಲ. ಗಾಳಿ ತಿಂದು ಉಬ್ಬಿದೆ ಎಂದ ಬಡಿಯ. ಶೆಟ್ಟಿ ನಕ್ಕ. "ಗಾಳಿ ತಿಂದು ಉಬ್ಬುವುದಾದರೆ ನಿನ್ನ ಮಕ್ಕಳು ಯಾಕೋ ಹೀಗೆ ಬಡಕಲಾಗಿವೆ, ಮರಕಾಲ?"

"ಕದ್ದ್ ತಿಂಬವನ ಮಕ್ಕಳ್ ಹೀಂಗಿರ್ತ್ವಾ ಶೆಟ್ರೇ?"

ಬಂದರಿನ ಹಿರಿಯರು ಸೇರಿದರು. ಕಳವು ನಿಜವಾದರೆ ಬಡಿಯ ಬೀಗದ ಕೈ ಒಪ್ಪಿಸಿ ಸಂಸಾರ ಸಮೇತ ಊರು ಬಿಡಬೇಕು ಎಂದಾಯಿತು. ಬಡಿಯ ಬೀಗದ ಕೈಯನ್ನು ಆಗಲೇ ಅವರ ಮುಂದಿಟ್ಟು ಒಂದೇ ಮಾತು ಕೇಳಿದ: ಭರಣಿಯ ಬೀಜವನ್ನೇ ಬಂಡಸಾಲೆಯಲ್ಲಿ ಹರವಲಿ, ಶೆಟ್ಟರೇ ಕಾಯಲಿ. ಶೆಟ್ಟಿ ಒಪ್ಪಿದ, ಆದರೆ ನಂಬಲಿಲ್ಲ. ಅರ್ಧ ಬೀಜವನ್ನು ಭರಣಿಯಲ್ಲೇ ಉಳಿಸಿ ಮತ್ತೆ ಮೇಣ ಮೆತ್ತಿದ. ಉಳಿದರ್ಧಕ್ಕೆ ಅಡಕತ್ತರಿಯ ಮೂತಿಯಿಂದ ಒಂದೊಂದಾಗಿ ಕಚ್ಚು ಹಾಕಿ ಚಾಪೆಯ ಮೇಲೆ ಹರವಿದ. ಬಿದ್ದ ಗೋಡೆಯ ಕಲ್ಲುಗಳನ್ನೇ ಕಟ್ಟೆಯಾಗಿ ಪೇರಿಸಿ, ಮೇಲೆ ಮಡಲಿನ ಸೂರು ಹೊದಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತ. ಉಂಡದ್ದೂ ಒರಗಿದ್ದೂ ಅಲ್ಲೇ. ಕಾಗೆ ಒಳಗೆ ಹೊಕ್ಕರೆ ಅದರ ಕೊಕ್ಕನ್ನೂ ನೋಡುತ್ತಿದ್ದನಂತೆ. ಅವನ ಕಣ್ಣೆದುರೇ ಬೀಜದ ಹಸಿರು ದಿನದಿಂದ ದಿನಕ್ಕೆ ಇಳಿಯಿತು. ಚೌತಿ ಕಳೆದ ಮೇಲೆ ಹಿರಿಯರ ಮುಂದೆ ಒಂದು ಬೀಜ ಎತ್ತಿ ನೋಡಿದ: ಹುಲ್ಲಿನ ಬಣ್ಣ, ಉಬ್ಬಿದ ಮೈ, ಅದರ ಮೇಲೆ ತನ್ನದೇ ಕಚ್ಚು, ತುಟಿಯಂತೆ ಬಿರಿದಿದೆ. ಭರಣಿ ಒಡೆದರೆ ಒಳಗಿನವು ಹಸಿರಾಗಿಯೇ ಇದ್ದವು. ಸಾಕ್ಷಿ ಎಂದು ಕಾಪಾಡಿದ್ದ ಭರಣಿಗೆ ಗಾಳಿಯೇ ತಾಗಿರಲಿಲ್ಲ.

ಶೆಟ್ಟಿ ತಾನೇ ಬೀಗದ ಕೈ ತಂದು ಚಾಚಿದ. ಬಡಿಯ ಮುಟ್ಟಲಿಲ್ಲ. "ಗಾಳಿಗೊಂದ್ ಬೀಗ ಮಾಡ್ಸಿ ತನ್ನಿ ಶೆಟ್ರೇ, ಅದರ ಕೈ ನಾ ಇಟ್ಕಂತೆ," ಎಂದವನು ಬಾಗಿಲನ್ನೇ ಕಳಚಿ ಶೆಟ್ಟಿಯ ಕಾಲ ಬಳಿ ಮಲಗಿಸಿದ ಎನ್ನುತ್ತಾರೆ. ಕೆಟ್ಟ ಸರಕೆಂದು ಸಿಕ್ಕಿದ ಬೆಲೆಗೆ ಹಡಗಿಗೆ ಹಾಕಿದ್ದು ಮರುವರ್ಷ ಬೇರೆಯೇ ಸುದ್ದಿ ತಂದಿತು. ಪರದೇಶದವರು ಅದನ್ನು ಕುದಿಸಿ ಕುಡಿದು, ಹುಳಿ ಸತ್ತಿದೆ, ನಾಲಗೆಗೆ ಮೆದು ಎಂದು ಅದನ್ನೇ ಕೇಳಿದರು. ಗಾಳಿ ತಿಂದ ಬೀಜ ಬೇಕೆಂದರೆ ಬಡಿಯ ಕಾಯುವ, ಗೋಡೆ ಬಿದ್ದ ಬಂಡಸಾಲೆಯೇ ಆಗಬೇಕು. ಶೆಟ್ಟಿ ಬಂದ, ಬಾಗಿಲಿಲ್ಲದ್ದಕ್ಕೂ ಒಪ್ಪಿದ, ಕಾಯುವುದನ್ನು ಮಾತ್ರ ಬಿಡಲಿಲ್ಲ. ಪ್ರತಿ ಮಳೆಗಾಲ ಬಂದು ಕೂತ. ಬಡಿಯ ಲೋಟದಲ್ಲಿ ಅದೇ ಬೀಜದ ಕಾಫಿ ತಂದರೆ, ಮರಕಾಲ ಮೊದಲು ಗುಟುಕರಿಸಿದ ಮೇಲೆಯೇ ಶೆಟ್ಟಿಯ ಬಾಯಿಗೆ.

ಗೋಡೆ ಬಿತ್ತೋ, ಬಡಿಯನೇ ಬೀಳಿಸಿದನೋ ಎಂದು ನಾನು ಊರವರನ್ನು ಕೇಳಿದ್ದುಂಟು. ಅವರಿಗೆ ಸಿಟ್ಟು ಬರುತ್ತದೆ. ಹೋದವರು ಕಟ್ಟೆಯ ಕಲ್ಲನ್ನೂ ಬಂಡಸಾಲೆಯ ಕಲ್ಲನ್ನೂ ಹೋಲಿಸಿ ನೋಡಲಿ, ಒಂದೇ ಗಣಿಯವು, ಒಂದೇ ಉಳಿಯವು. ಗೋಡೆಯನ್ನು ಮತ್ತೆ ಎತ್ತುವಷ್ಟು ಕಲ್ಲು ಅಲ್ಲೇ ಇದೆ, ಅದರ ಮೇಲೆ ಶೆಟ್ಟಿ ಕೂತು ಸವೆಸಿದ ಕುಳಿಯೂ ಇದೆ. ಈಗಲೂ ಆ ಕಡೆ ಬರುವ ಕಾಫಿಯವರು ಕುಳಿಯಲ್ಲಿ ನಾಲ್ಕು ಹಸಿ ಬೀಜ ಇಟ್ಟು ಹೋಗುತ್ತಾರೆ. ಇಡುವ ಮೊದಲು ಉಗುರಿನಿಂದ ಒಂದು ಗುರುತು ಮಾಡುವುದನ್ನು ಯಾರೂ ಮರೆಯುವುದಿಲ್ಲ.