ಎತ್ತದ ಫೋನು

“ಗುರುಗಳೇ, ಕಿವಿಗೆ ಕೇಳದ ಸದ್ದು ತಾಗಿದರೆ ಜೀವಕೋಶ ತನ್ನೊಳಗಿನ ಇನ್ಸುಲಿನ್ ಹೊರಗೆ ಬಿಡುತ್ತದೆ ಎಂದಿರಿ. ನನ್ನ ಕೋಶಗಳು ಬಿಡಲಿಲ್ಲ. ಸದ್ದು ಜೋರು ಮಾಡಿದೆ, ಸತ್ತೇ ಹೋದವು. ಕೋಶಗಳು ಉಳಿದಿರುವುದು ಈ ಒಂದೇ ತಟ್ಟೆಯಲ್ಲಿ. ಇನ್ನೂ ಜೋರು ಮಾಡಲೇ?”

ಕೇಳಿದವಳು ಶಿಷ್ಯೆ ಕುಮುದಾ. ಅವಳ ತಾಯಿ ಸಕ್ಕರೆ ಕಾಯಿಲೆಗೆ ದಿನವೂ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಆ ಸೂಜಿ ತಪ್ಪಿಸುವ ದಾರಿ ಹುಡುಕಲೆಂದೇ ಅವಳು ಈ ಪ್ರಯೋಗಶಾಲೆಗೆ ಬಂದಿದ್ದಳು. ಅವಳ ಕೈ ಸದ್ದು ಹೊರಡಿಸುವ ಯಂತ್ರದ ಗುಂಡಿಯ ಮೇಲಿತ್ತು.

“ತಡಿ ಮಾರಾಯ್ತಿ, ಮೊದಲು ಒಂದು ಕತೆ ಕೇಳು” ಎಂದರು ಗುರುಗಳು.

ಒಬ್ಬ ರೈತ ಟೊಮೆಟೊ ಹಾಕಿದ. ಹುಳು ಬರಬಾರದೆಂದು ಸುತ್ತಲೂ ಮೇಲೂ ಬಲೆ ಬಿಗಿದ. ಹುಳು ಬರಲಿಲ್ಲ, ಪಾಪ, ದುಂಬಿಯೂ ಬರಲಿಲ್ಲ. ಟೊಮೆಟೊ ಹೂವಿನ ಪರಾಗ ಒಳಗೇ ಅವಿತಿರುತ್ತದೆ. ದುಂಬಿ ಕೂತು ಗುಂಯ್‌ಗುಟ್ಟಿ ಅದುರಿಸಿದರೆ ಉದುರುತ್ತದೆ. ಈಗ ಹೂವೇನೋ ಬಿಡುತ್ತಿತ್ತು, ಕಾಯಿ ಮಾತ್ರ ಇಲ್ಲ. ರೈತನಿಗೆ ಸಿಟ್ಟು ನೆತ್ತಿಗೇರಿತು. ಅಲುಗಾಡಿಸಿದರೆ ಆದೀತೆಂದು ಕೋಲು ಹಿಡಿದು ಗಿಡಗಳನ್ನು ಬಡಿದ. ಹೂವಿನ ಗೊಂಚಲೇ ಮುರಿದು ಬಿತ್ತು. ಇನ್ನೂ ಜೋರಾಗಿ ಬಡಿದ. ಕೊನೆಗೆ ಒಂದೇ ಸಾಲು ಉಳಿಯಿತು.

ಆಗ ಹೆಂಡತಿ ಊಟಕ್ಕೆ ಕರೆಯಲು ಫೋನು ಮಾಡಿದಳು. ಅವನು ಫೋನನ್ನು ಸೈಲೆಂಟ್ ಮಾಡಿ ಅಂಗಿಯ ಜೇಬಿಗೆ ಹಾಕಿದ್ದ. ಅದು ಸದ್ದಿಲ್ಲದೆ ಅದುರಿತು. ಎತ್ತಲಿಲ್ಲ. ಮತ್ತೆ ಅದುರಿತು. ಆ ಹೊತ್ತಿಗೆ ಅವನು ಗಿಡದ ಮೇಲೆ ಬಗ್ಗಿದ್ದ, ಒಂದು ಗೊಂಚಲು ಜೇಬಿಗೆ ಒರಗಿತ್ತು. ನೋಡುತ್ತಾನೆ, ಅಂಗಿಯ ಮೇಲೆಲ್ಲ ಹಳದಿ ಹುಡಿ!

ಕೋಲು ಎಸೆದ. ಹೆಂಡತಿಗೆ ಫೋನು ಮಾಡಿ, “ಲೇ, ಇನ್ನೊಂದು ಸಲ ಫೋನ್ ಮಾಡೇ. ನಾನು ಎತ್ತೋದಿಲ್ಲ” ಎಂದ.

“ಅನ್ನ ಆರಿ ಹೋಗ್ತಿದೆ. ನಿಮಗೇನು ತಲೆ ಕೆಟ್ಟಿದೆಯಾ?” ಎಂದು ಬೈದಳು. ಬೈದುಕೊಂಡೇ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಅವನು ಅದುರುವ ಫೋನನ್ನು ಗೊಂಚಲು ಗೊಂಚಲಿಗೂ ತಾಗಿಸುತ್ತ ಹೋದ. ಕೆಲವೇ ದಿನಗಳಲ್ಲಿ ಆ ಸಾಲಿನಲ್ಲಿ ಹೀಚು ಕಟ್ಟಿತು. ಗಂಡಹೆಂಡಿರಿಗೆ ಖುಷಿಯೋ ಖುಷಿ.

ಕುಮುದಾಳಿಗೂ ನಗು ಬಂತು. ಕೈ ಮಾತ್ರ ಇನ್ನೂ ಗುಂಡಿಯ ಮೇಲೇ ಇತ್ತು. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ಹೇಳಿ, ನಾನು ಜೋರು ಮಾಡಲೋ ಬೇಡವೋ?”

“ಅವನು ಎಸೆದ ಕೋಲು ನಿನ್ನ ಕೈಗೆ ಹೇಗೆ ಬಂತು ಅಂತ ನೋಡ್ತಾ ಇದ್ದೀನಿ, ತಾಯಿ.”