ಅಂಬಿಗನ ಕಂಬಳಿ

“ಗುರುಗಳೇ, ನನಗೆ ಸಿಕ್ಕಿರುವ ಪಾತ್ರವನ್ನು ನನಗಿಂತ ಮೊದಲು ಇಬ್ಬರು ಮಾಡಿದ್ದಾರೆ. ಇಬ್ಬರನ್ನೂ ಜನ ಇನ್ನೂ ಮರೆತಿಲ್ಲ. ನಾನು ಯಾರ ಹಾಗೆ ಮಾಡಲಿ?” ಎಂದು ಶಿಷ್ಯ ಕೇಳಿದ.

ನಾಟಕ ಕಲಿಸುವ ಗುರುಗಳು ಹಾರ್ಮೋನಿಯಂ ಮುಚ್ಚಿ ಬದಿಗೆ ಸರಿಸಿದರು. ಇಂಥವರ ಹಾಗೆ ಎಂದು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬಟ್ಟೆ ಅಂಗಡಿ ಮುಚ್ಚಿ ನಾಟಕ ಕಂಪನಿ ಕಟ್ಟಿದ. ಬಟ್ಟೆ ಮಾರಿದವನಿಗೆ ನಾಟಕದ ಗಂಧವೇನು ಎಂದು ಜನ ನಕ್ಕರು. ಗಿರಾಕಿ ಯಾವ ಬಟ್ಟೆಯನ್ನು ಮುಟ್ಟಿ ಕೈ ಬಿಡಲಾರದೆ ನಿಲ್ಲುತ್ತಾನೋ ಅದನ್ನೇ ಮತ್ತೆ ತರಿಸಬೇಕು, ಅಷ್ಟು ತಿಳಿದರೆ ಸಾಕು ಎಂಬುದು ಅವನ ಉತ್ತರವಾಗಿತ್ತು. ಅವನ ಕಂಪನಿಯಲ್ಲಿ ಜನ ಕೈಬಿಡದೆ ಹಿಡಿದುಕೊಂಡ ಪಾತ್ರ ಅಂಬಿಗನದು.

ನಾಟಕದ ಕತೆ ದೊಡ್ಡದೇನಲ್ಲ. ರಾಜ್ಯ ಕಳೆದುಕೊಂಡ ರಾಜ ಗುರುತು ಮರೆಸಿಕೊಂಡು ಹೊಳೆಯಲ್ಲಿ ದೋಣಿ ನಡೆಸುತ್ತಿರುತ್ತಾನೆ. ಒಂದು ದಿನ ಅವನ ಮಗಳೇ ಮದುಮಗಳಾಗಿ ಆ ದೋಣಿ ಹತ್ತುತ್ತಾಳೆ. ತಂದೆ ಬದುಕಿರುವುದು ತಿಳಿದರೆ ಮದುವೆ ಮುರಿಯುತ್ತದೆ. ಆದ್ದರಿಂದ ಅವನು ಅಂಬಿಗನಾಗಿಯೇ ಉಳಿದು, ಒಂದು ಹಾಡು ಹಾಡುತ್ತ ಅವಳನ್ನು ಆಚೆ ದಡ ಮುಟ್ಟಿಸುತ್ತಾನೆ. ‘ತಾಯೀ, ದಡ ಬಂತು’ ಎಂಬುದು ಹಾಡಿನ ಕೊನೆಯ ಸಾಲು. ಆ ಒಂದು ಸಾಲಿಗಾಗಿ ಸುತ್ತಲಿನ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಮೊದಲು ಆ ಪಾತ್ರ ಮಾಡಿದವನಿಗೆ ಕಂಠವೂ ದೊಡ್ಡದು, ಹೊಟ್ಟೆಯೂ ದೊಡ್ಡದು. ಹೊಳೆಯಲ್ಲಿ ದುಡಿಯುವವನಿಗೆ ಆ ಹೊಟ್ಟೆ ಒಪ್ಪುವುದಿಲ್ಲವೆಂದು ಯಜಮಾನ ಅವನಿಗೆ ಒಂದು ಕರಿ ಕಂಬಳಿ ಹೊದಿಸಿದ. ಅವನು ಹಾಡಲು ನಿಂತರೆ ಹೊಟ್ಟೆಯೂ ಕಾಣುತ್ತಿರಲಿಲ್ಲ, ಕಂಬಳಿಯೂ ಕಾಣುತ್ತಿರಲಿಲ್ಲ. ‘ತಾಯೀ’ ಎಂಬುದನ್ನು ಮೇಲಿನ ಷಡ್ಜಕ್ಕೆ ಒಯ್ದು ಅಲ್ಲೇ ನಿಲ್ಲಿಸುತ್ತಿದ್ದ. ಡೇರೆಯ ಹೊರಗೆ ಚಹಾ ಮಾರುವವನು ಕೆಟಲು ಕೆಳಗಿಟ್ಟು ನಿಲ್ಲುತ್ತಿದ್ದ. ಜನ ಒನ್ಸ್ ಮೋರ್ ಎಂದು ಕೂಗಿದರೆ, ದಡಕ್ಕೆ ಇಳಿದಿದ್ದ ಮಗಳು ಸೆರಗು ಸರಿಮಾಡಿಕೊಂಡು ಮತ್ತೆ ಬಂದು ದೋಣಿ ಹತ್ತಬೇಕಾಗುತ್ತಿತ್ತು. ಬೇಸರವಾಗುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಆ ನಟಿ, ಅವರು ಕರೆದರೆ ನಿಜವಾದ ಹೊಳೆಗೂ ಮತ್ತೆ ಇಳಿದೇನು ಎಂದಿದ್ದಳು.

ಅವನು ತೀರಿಕೊಂಡ ಮೇಲೆ ಪಾತ್ರ ಇನ್ನೊಬ್ಬನಿಗೆ ಬಂತು. ಇವನ ಕಂಠ ಸಣ್ಣದು. ಶ್ರುತಿ ಇಳಿಸಿ ಹಾಡಿದ್ದರೆ ಸುಲಭವಾಗುತ್ತಿತ್ತು. ಆದರೆ ಆ ಕಂಪನಿಯಲ್ಲಿ ಕಂಬಳಿಯ ಹಾಗೆ ಶ್ರುತಿಯೂ ಪಾತ್ರಕ್ಕೆ ಸೇರಿದ್ದೆಂದು ತಿಳಿದುಬಿಟ್ಟಿದ್ದರು. ಇಳಿಸೋಣವೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಇವನು ಬಾಯಿ ತೆರೆದ. ಸ್ವರ ಏರುವುದಿಲ್ಲವೆಂದು ಗೊತ್ತಾಯಿತು. ಬಾಯಿ ಮುಚ್ಚಿ ಮಗಳನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ದಾರಿಯಲ್ಲಿ ಯಾರಿಗೋ ಹೇಳುವ ಹಾಗೆ, ಬರೀ ಮಾತಿನಲ್ಲಿ, ‘ತಾಯೀ, ದಡ ಬಂತು’ ಎಂದ.

ಒನ್ಸ್ ಮೋರ್ ಬರಲಿಲ್ಲ. ಜನ ಎದ್ದು ಹೋದರು. ಕಂಪನಿ ಮುಳುಗಿತೆಂದು ಯಜಮಾನ ಪರದೆ ಸುತ್ತಿಸಲು ಯೋಚಿಸಿದ. ಮಾರನೆಯ ದಿನ ಅದೇ ಗಂಡಸರು ಹೆಂಡಂದಿರನ್ನೂ ಮದುವೆಯಾಗಿ ತವರಿಗೆ ಬಂದಿದ್ದ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದು ಸಾಲಾಗಿ ಕುಳಿತರು.

ಅಲ್ಲಿಂದ ಊರು ಎರಡಾಯಿತು. ಅವನು ದೊಡ್ಡವನೆಂದು ಕೆಲವರು, ಇವನು ದೊಡ್ಡವನೆಂದು ಕೆಲವರು. ಕ್ಷೌರದಂಗಡಿಯಲ್ಲಿ ವಾದ ಬೆಳೆದು ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ಹೋದದ್ದೂ ಉಂಟು. ಯಜಮಾನನನ್ನು ಕೇಳಿದರೆ, ಅವನ ಹಾಡು ಕೇಳುವಾಗ ಹೊಳೆ ಎಷ್ಟು ಅಗಲವೆಂದು ತಿಳಿಯುತ್ತಿತ್ತು, ಇವನನ್ನು ನೋಡುವಾಗ ಎಷ್ಟು ಆಳವೆಂದು ತಿಳಿಯುತ್ತದೆ, ಎರಡೂ ನನ್ನ ಡೇರೆಯಲ್ಲೇ ನಡೆದದ್ದು, ನಾನೇಕೆ ಜಗಳವಾಡಲಿ ಎನ್ನುತ್ತಿದ್ದ.

ಎರಡನೆಯವನಿಗೂ ವಯಸ್ಸಾಯಿತು. ಅವನು ಊರಿಗೆ ಹೋದ. ಪಾತ್ರ ಮೂರನೆಯವನಿಗೆ ಬಂತು. ಅಲ್ಲಿಯವರೆಗೆ ಇವನು ಭರ್ಜಿ ಹಿಡಿದು ಸಿಂಹಾಸನದ ಪಕ್ಕ ನಿಲ್ಲುತ್ತಿದ್ದವನು. ಕಂಠವಿತ್ತು, ರೂಪವಿತ್ತು, ಇಬ್ಬರು ಹಿರಿಯರ ಮೇಲೆ ಭಕ್ತಿಯೂ ಇತ್ತು. ಅಷ್ಟು ಹೊತ್ತಿಗೆ ಕಂಬಳಿಗೆ ಪೂಜೆ ಶುರುವಾಗಿತ್ತು. ಇವನು ಅದಕ್ಕೆ ಕಾಯಿ ಒಡೆದು, ಲೋಬಾನದ ಹೊಗೆ ಹಾಕಿ, ಕಣ್ಣಿಗೊತ್ತಿಕೊಂಡು ಹೊದ್ದ.

ಮೊದಲ ಆಟದಲ್ಲಿ ‘ತಾಯೀ’ ಎಂಬುದನ್ನು ಮೇಲಿನ ಷಡ್ಜಕ್ಕೇ ಏರಿಸಿದ. ಸ್ವರ ಸರಿಯಾಗಿಯೇ ನಿಂತಿತು. ಮುಂದಿನ ಸಾಲಿನಲ್ಲಿ ಕೂರುವ ಹತ್ತಿ ದಲಾಲಿಯೊಬ್ಬ, ಗ್ರಾಮಫೋನ್ ಪ್ಲೇಟು ಚೆನ್ನಾಗಿದೆ, ಹಾಡಿದವರು ತೀರಿಕೊಂಡಿದ್ದಾರೆ ಎಂದ. ಮುಂದಿನ ಆಟದಲ್ಲಿ ಇವನು ಎರಡನೆಯವನ ಹಾಗೆ ಬಾಯಿ ಮುಚ್ಚಿ ಮಗಳನ್ನು ನೋಡಿದ. ಪಾಪ, ಸಾಲು ಮರೆತನೆಂದು ಹಿಂದಿನಿಂದ ಒಬ್ಬ ಸಾಲು ಎತ್ತಿಕೊಟ್ಟ. ಡೇರೆಯೆಲ್ಲ ನಕ್ಕಿತು. ವಾರ ಕಳೆಯುವುದರೊಳಗೆ ಬೆಂಚುಗಳು ಖಾಲಿಯಾದವು. ಇನ್ನೊಂದು ಆಟ ನೋಡುತ್ತೇನೆ, ಆಗದಿದ್ದರೆ ನೀನು ಮತ್ತೆ ಭರ್ಜಿ ಹಿಡಿ ಎಂದು ಯಜಮಾನ ಹೇಳಿದ. ಭರ್ಜಿ ಹಿಡಿಯಲು ಹಿಂದಿರುಗಿದ ನಟನಿಗೆ ಮತ್ತೆ ಯಾವ ಕಂಪನಿಯೂ ಹಾಡು ಕೊಡುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಆ ಆಟಕ್ಕೆ ಮುಂಚೆ ಹಾಡನ್ನು ಒಮ್ಮೆ ಹಾಡಿಸಿ ನೋಡೋಣವೆಂದು ಯಜಮಾನ ರಂಗದ ಪಕ್ಕದಲ್ಲೇ ಬಂದು ನಿಂತ. ಹಾಡು ಕೇಳುವ ಗೋಜಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಮುಖ ಬಿಟ್ಟು ಕೈ ನೋಡುತ್ತಿದ್ದ ಹಾಗೆ ಇವನ ಕೈ ನೋಡಿದ. ಕೊನೆಯ ಸಾಲು ಬಂದಾಗ ಕಂಬಳಿಯ ಅಂಚು ಅಲುಗಿತು.

“ಕೈಗೆ ಏನಾಗಿದೆಯೋ ತಮ್ಮಾ?”

“ಆ ಸಾಲು ಬಂದರೆ ನಡುಗುತ್ತವೆ, ಯಜಮಾನರೇ. ಅವರಿಬ್ಬರೂ ಎದುರಿಗೆ ಕೂತ ಹಾಗೆ ಅನ್ನಿಸುತ್ತದೆ. ಕಂಬಳಿ ಇರುವುದರಿಂದ ಜನಕ್ಕೆ ಕಾಣುವುದಿಲ್ಲ, ಅಷ್ಟೇ ಪುಣ್ಯ.”

“ಹಾಗಾದರೆ ಇವತ್ತು ಕಂಬಳಿ ಇಲ್ಲ.”

ನಟ ಕಾಲು ಹಿಡಿಯಲು ಬಂದ. ಕಂಬಳಿ ಇಲ್ಲದೆ ಅಂಬಿಗನೆಲ್ಲಿ, ಹಿರಿಯರ ಮೈಮೇಲಿದ್ದ ವಸ್ತುವಲ್ಲವೇ ಎಂದ.

“ಆ ಪುಣ್ಯಾತ್ಮನ ಹೊಟ್ಟೆ ಮುಚ್ಚಲು ನಾನೇ ಅಂಗಡಿಯ ಹಳೇ ಮಾಲಿನಿಂದ ತಂದದ್ದು ಅದು. ನಿನಗೆಲ್ಲಿದೆ ಹೊಟ್ಟೆ?” ಎಂದು ಯಜಮಾನ ಕಂಬಳಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

ಬರಿಮೈಯ ಅಂಬಿಗ ರಂಗಕ್ಕೆ ಬಂದಾಗ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡು ಸಾಗಿತು. ಕೊನೆಯ ಸಾಲು ಹತ್ತಿರ ಬಂತು. ಕೈಗಳು ನಡುಗತೊಡಗಿದವು. ಅಡಗಿಸಲು ಜಾಗವಿರಲಿಲ್ಲ. ಹಿಡಿದಿದ್ದ ಹುಟ್ಟು ದೋಣಿಯ ಹಲಗೆಗೆ ಬಡಿಯಿತು. ಮತ್ತೆ ಬಡಿಯಿತು. ತಾಳ ತಪ್ಪಿತೆಂದು ತಬಲದವನು ಕೈ ಎತ್ತಿಬಿಟ್ಟ. ಡೇರೆಯಲ್ಲಿ ಉಳಿದದ್ದು ಹಲಗೆಯ ಸದ್ದೊಂದೇ.

ಮಗಳ ಪಾತ್ರದ ನಟಿ ಆ ಇಬ್ಬರು ಹಿರಿಯರೊಂದಿಗೂ ಅದೇ ದೋಣಿಯಲ್ಲಿ ಕುಳಿತವಳು. ಯಾವತ್ತೂ ಆಚೆ ದಡವನ್ನೇ ನೋಡುತ್ತಿದ್ದಳು. ಅವಳ ಪಾತ್ರದಲ್ಲಿ ಇದ್ದದ್ದು ಅಷ್ಟೇ. ಈಗ ಸದ್ದಿಗೆ ತಿರುಗಿದಳು. ಆ ಕೈಗಳನ್ನು ನೋಡಿದಳು. ಅಲ್ಲಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಆಮೇಲೆ ಏನೂ ಕಾಣದವಳ ಹಾಗೆ ಮತ್ತೆ ದಡದ ಕಡೆ ತಿರುಗಿ ಕುಳಿತಳು. ‘ತಾಯೀ, ದಡ ಬಂತು’ ಎಂದು ಅವನು ಹಾಡಿದ. ಸ್ವರ ಎಲ್ಲಿಗೆ ಏರಿತು, ಎಲ್ಲಿ ನಿಂತಿತು ಎಂದು ಮರುದಿನ ಯಾರಿಗೂ ನೆನಪಿರಲಿಲ್ಲ.

ಹತ್ತಿ ದಲಾಲಿ ಪಕ್ಕದವನ ತೋಳು ಹಿಡಿದು, “ಅವಳಿಗೆ ಗೊತ್ತಾಯಿತಲ್ಲೋ, ಗೊತ್ತಾಗಿಯೂ ಹೊರಟಳಲ್ಲೋ,” ಎಂದ. ಅಷ್ಟು ವರ್ಷ ಆ ನಾಟಕ ನೋಡಿದವನಿಗೆ ಹಾಗೊಂದು ಕತೆ ಅದರೊಳಗೆ ಇದ್ದದ್ದು ತಿಳಿದಿರಲಿಲ್ಲ.

ಬೆಂಚುಗಳು ಮತ್ತೆ ತುಂಬಿದವು. ಕ್ಷೌರದಂಗಡಿಯ ವಾದಕ್ಕೆ ಮೂರನೆಯ ಹೆಸರು ಸೇರಿತು. ಯಜಮಾನ ಆ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು ಅಡುಗೆಯವನಿಗೆ ಹೊದೆಯಲು ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

“ಅವನಿಗೇನೋ ನಡುಗುವ ಕೈಗಳಿದ್ದವು, ಗುರುಗಳೇ. ನನ್ನಲ್ಲಿ ಅಂಥದ್ದೇನಿದೆ?”

“ಅದು ಯಾರಿಗೂ ಕಾಣಬಾರದೆಂದೇ ಅಲ್ಲವೇನಪ್ಪಾ, ಯಾರ ಹಾಗೆ ಮಾಡಲಿ ಎಂದು ನೀನು ಕೇಳಿದ್ದು?”