ಬೆಂತಾರನ ಮನೆಯ ಊಟ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಇದು ಕಡಲಾಚೆಯ ಮಲಯ ನಾಡಿನ ಕಥೆ. ಅಲ್ಲಿ ಒಂದು ದೊಡ್ಡ ಹೊಳೆ ಸಮುದ್ರ ಸೇರುವ ಜಾಗದಲ್ಲಿ ಒಂದು ರಾಜ್ಯವಿತ್ತು. ಹೊಳೆ ಕಡಲಿಗೆ ಬೀಳುವ ಕಡೆ ಅರಮನೆ. ಅಲ್ಲಿಂದ ದೋಣಿಯಲ್ಲಿ ಒಂದು ದಿನ ಮೇಲಕ್ಕೆ ಹುಟ್ಟು ಹಾಕಿದರೆ ಒಂದು ಹಳ್ಳಿ. ಆ ಹಳ್ಳಿಯಲ್ಲಿ ಎಂಬುನ್ ಅನ್ನುವ ಹೆಂಗಸು ಇದ್ದಳು.

ಎಂಬುನ್ ಅಂದರೆ ಅವರ ಮಾತಿನಲ್ಲಿ ಇಬ್ಬನಿ. ಹೆಸರೇನೋ ತಣ್ಣಗಿತ್ತು. ಸಿಟ್ಟು ಮಾತ್ರ ಕೆಂಡ.

ಆ ನಾಡಿನಲ್ಲಿ ಮಾತಿಗೆ ಬಹಳ ಮರ್ಯಾದೆ. ಯಾವುದನ್ನೂ ತೋರುಬೆರಳಿನಿಂದ ತೋರಿಸಬಾರದು, ಮುಷ್ಟಿ ಮಡಚಿ ಹೆಬ್ಬೆರಳಿನಿಂದ ತೋರಿಸಬೇಕು. ಹಿರಿಯರ ಮುಂದೆ ಹಾದು ಹೋಗುವಾಗ ಸೊಂಟ ಬಗ್ಗಿಸಬೇಕು. ಕಾಡಿಗೆ ಹೋದಾಗ ಹುಲಿಯ ಹೆಸರೆತ್ತಬಾರದು, 'ಪಟ್ಟೆಯಜ್ಜ' ಅನ್ನಬೇಕು. ರಾಜನಿಗಂತೂ ಬೇರೆ ಮಾತೇ ಇತ್ತು. ನಾವು ನೀವು ಉಂಡರೆ ಅದು ಊಟ. ರಾಜ ಉಂಡರೆ 'ಸಾಂತಪ್'. ನಾವು ದೇವರಿಗೆ ಆರೋಗಣೆ ಅಂತೀವಲ್ಲ, ಹಾಗೆ. ರಾಜನ ಸ್ನಾನಕ್ಕೆ 'ಸಿರಾಮ್', ರಾಜನ ನಿದ್ದೆಗೆ 'ಬೆರಾದು'. ಈ ಮೂರು ಮಾತು ರಾಜನೊಬ್ಬನಿಗೇ ಮೀಸಲು. ಬೇರೆ ಯಾರಾದರೂ ತನಗೆ ಇಟ್ಟುಕೊಂಡರೆ ಅದು ರಾಜದ್ರೋಹ.

ಹಳ್ಳಿಯ ಮಕ್ಕಳಿಗೆ ಇದನ್ನೆಲ್ಲ ಕಲಿಸುತ್ತಿದ್ದವಳು ಎಂಬುನ್. ಅವಳಿಗೆ ಆ ಮಾತುಗಳ ಮೇಲೆ ಪ್ರೀತಿ. "ಒಳ್ಳೆ ಮಾತು ಅಂದ್ರೆ ಇನ್ನೊಬ್ಬರ ಗಾಯಕ್ಕೆ ಕೈ ತಾಗದ ಹಾಗೆ ನಡೆಯೋದು, ಅಷ್ಟೇ," ಅನ್ನುತ್ತಿದ್ದಳು.

ಅರಮನೆಯಲ್ಲಿ ಬೆಂತಾರ ಅನ್ನುವ ಪದವಿಯಲ್ಲಿ ಒಬ್ಬ ಅಧಿಕಾರಿ ಇದ್ದ. ಪ್ರಜೆಗಳ ಮಾತನ್ನು ರಾಜನಿಗೆ, ರಾಜನ ಮಾತನ್ನು ಪ್ರಜೆಗಳಿಗೆ ಮುಟ್ಟಿಸುವುದು ಅವನ ಕೆಲಸ. ಹೆಸರು ಸೆಮಾನ್. ಬಾಯಿ ಬೆಲ್ಲ, ಹೊಟ್ಟೆ ಕತ್ತಲೆ. ಅವನು 'ರಾಜಾಜ್ಞೆ' ಅಂತ ಹೇಳಿ ಹಳ್ಳಿಯ ಗಂಡಸರನ್ನು ಹಿಡಿದು ಕಾಡಿಗೆ ಅಟ್ಟಿದ. ಕಾಡು ಕಡಿದು ಕಾಳುಮೆಣಸಿನ ತೋಟ ಮಾಡಿಸಿದ. ತೋಟ ರಾಜನದಲ್ಲ, ಅವನದೇ. ರಾಜನಿಗೆ ಇದರ ಗಾಳಿ ಕೂಡ ಸೋಕಿರಲಿಲ್ಲ. ಕಾಡುಜ್ವರ ಬಂತು. ಏಳು ಜನ ಸತ್ತರು.

ಹಳ್ಳಿಯವರು ರಾಜನಿಗೆ ಹೇಳೋಣ ಅಂದುಕೊಂಡರು.

ಮೊದಲು ಹೋದವನು ಮುಖಂಡ ತೋಕ್ ಙಾ ಅಜ್ಜ. "ಪ್ರಭು, ಅಗೋ ಆ ಕಾಡಲ್ಲಿ..." ಅಂತ ಗಾಬರಿಯಲ್ಲಿ ತೋರುಬೆರಳು ಎತ್ತಿಬಿಟ್ಟ. "ರಾಜನ ಮುಂದೆ ತೋರುಬೆರಳೇ!" ಅಂತ ಸೆಮಾನ್ ಗುಡುಗಿದ. ಹೊರಗೆ ಎಳೆಸಿ ಅಜ್ಜನ ಬೆರಳು ಮುರಿಸಿದ.

ಎರಡನೆಯವನು ದೋಣಿಯ ಜೆನಾಲ್. ರಾಜನ ಮುಂದೆ 'ನಾನು' ಅನ್ನಬಾರದು, 'ಪಾತಿಕ್' ಅನ್ನಬೇಕು, ಅಂದರೆ 'ತಮ್ಮ ದಾಸ'. ಜೆನಾಲ್ ಅಳುತ್ತಾ "ನಾನು ನನ್ನ ತಮ್ಮನ್ನ..." ಅಂದ. ಮುಂದಿನದನ್ನು ಸೆಮಾನ್ ಆಡಗೊಡಲಿಲ್ಲ. ಅವನನ್ನು ಮೂರು ದಿನ ಬಿಸಿಲಿಗೆ ಕಟ್ಟಿದರು.

ಮೂರನೆಯವನು ಎಂಬುನಳ ಗಂಡ ದೆರಾಮಾನ್. ಕೊಯ್ಲಿನ ಹೊತ್ತಿಗೆ ಹಾಡು ಹೇಳುವವನು. ಹೆಂಡತಿ ಹೇಳಿಕೊಟ್ಟಂತೆ ಬಾಗಿದ, ಹೆಬ್ಬೆರಳು ತೋರಿಸಿದ, ಪಾತಿಕ್ ಅಂದ. ಆಮೇಲೆ, "ಪ್ರಭು, ಏಳು ಜನ ಸತ್ತರು," ಅಂದ.

ರಾಜನ ಸಭೆಯಲ್ಲಿ ಸಾವಿನ ಹೆಸರೆತ್ತುವುದು ದೊಡ್ಡ ಅಪಶಕುನ. ಸೆಮಾನ್‌ಗೆ ಅಷ್ಟೇ ಬೇಕಿತ್ತು. ರಾಜ ಬಾಯಿ ತೆರೆಯುವ ಮೊದಲೇ ದೆರಾಮಾನ್‌ನನ್ನು ಹೊರಗೆ ಎಳೆದರು. ಬಾಯಿಗೆ ಹಸಿಮೆಣಸಿನಕಾಯಿ ಅರೆದು ತಿಕ್ಕಿದರು.

ಅವನು ತುಟಿ ಊದಿಸಿಕೊಂಡು ಮನೆಗೆ ಬಂದ. ತಿಂಗಳು ಕಳೆಯಿತು. ತುಟಿಯೇನೋ ಇಳಿಯಿತು, ಆದರೆ ಒಂದು ಮಾತೂ ಹೊರಡಲಿಲ್ಲ. ನೀರು ಬೇಕಾದರೆ ಕೈ ಸನ್ನೆ.

ಎಂಬುನ್‌ಗೆ ಮೈಯೆಲ್ಲ ಉರಿಯಿತು. ಒಲೆ ಮುಂದೆ ಕೂತರೂ ಉರಿ, ಹೊಳೆಗಿಳಿದರೂ ಉರಿ. "ಮರ್ಯಾದೆ ಅಂತ ನಾನು ಕಲಿಸಿದೆನಲ್ಲ, ಆ ಮಾತಿಂದಲೇ ನನ್ನ ಗಂಡನ ಬಾಯಿ ಮುಚ್ಚಿದ್ನಲ್ಲ ಆ ಪಾಪಿ!" ಅಂತ ಹಲ್ಲು ಕಡಿದಳು. ಮಚ್ಚು ಮಸೆದು ಸೆರಗಿನಡಿ ಸಿಕ್ಕಿಸಿಕೊಂಡು ದೋಣಿ ಹತ್ತಿದಳು.

ಸೆಮಾನ್‌ನ ಮನೆಯಲ್ಲಿ ತೆಂಗಿನಕಾಯಿ ತುರಿಯೋಕೆ ಆಳು ಬೇಕಿತ್ತು. ಎಂಬುನ್ ಸೇರಿಕೊಂಡಳು. ಅಡುಗೆಯವರ ಮುಖವನ್ನು ಅವನು ಕಣ್ಣೆತ್ತಿ ನೋಡಿದವನೇ ಅಲ್ಲ. ಅವನಿಗೆ ಬೇಕಾದದ್ದು ತಟ್ಟೆ ಮಾತ್ರ.

ಮೊದಲ ದಿನ ತಟ್ಟೆ ಇಟ್ಟು, "ದಾತುಕ್, ಊಟ ಮಾಡಿ," ಅಂದಳು. ದಾತುಕ್ ಅಂದರೆ ದೊಡ್ಡವರಿಗೆ ಅನ್ನುವ ಮಾತು. ಸೆಮಾನ್ ಬೆತ್ತದಿಂದ ನೆಲಕ್ಕೆ ಬಡಿದ. "ಊಟವಂತೆ ಊಟ! ಸಾಂತಪ್ ಅನ್ನು!"

ಎರಡನೆಯ ದಿನ, "ಸ್ನಾನಕ್ಕೆ ನೀರು ಬಿಸಿಯಾಗಿದೆ," ಅಂದಳು. ಬೆತ್ತ ಬೆನ್ನಿಗೆ ಬಿತ್ತು. "ಸಿರಾಮ್ ಅನ್ನು!"

ಮೂರನೆಯ ದಿನ, "ದಾತುಕ್ ಮಲಗಿದ್ದಾರೆ," ಅಂತ ಬಾಗಿಲಲ್ಲಿ ಯಾರಿಗೋ ಹೇಳಿದಳು. ಒಳಗಿಂದಲೇ ಸೆಮಾನ್ ಕೂಗಿದ. "ಬೆರಾದು ಅನ್ನು, ನಾಯಿ!"

ಎಂಬುನ್ ತೆಂಗಿನ ಹೋಳು ಕೈಯಲ್ಲಿ ಹಿಡಿದುಕೊಂಡೇ ನಿಂತಳು. 'ರಾಜನ ಮಾತು ತಪ್ಪಿ ಆಡಿದರು ಅಂತ ನಮ್ಮವರಿಗೆ ಹಿಂಸೆ ಮಾಡಿಸಿದೆ. ಇಲ್ಲಿ ಅದೇ ಮಾತು ಕದ್ದು ನೀನು ರಾಜನಾಗಿ ಕೂತಿದ್ದೀಯ.' ಮಚ್ಚನ್ನು ಸೌದೆ ರಾಶಿಯ ಮೇಲೆ ಎಸೆದಳು. ಇವನನ್ನು ಕಡಿದರೆ ಏನು ಬಂತು? ಸತ್ತ ಏಳು ಜನರ ಸುದ್ದಿಯೂ ಇವನ ಜೊತೆಗೇ ಮಣ್ಣಾಗುತ್ತದೆ. ಅವಳು ಇನ್ನೂ ಒಂದು ತಿಂಗಳು ಅಲ್ಲೇ ಇದ್ದಳು. ದಿನಾ ಬೇಕಂತಲೇ ಊಟ ಅಂದಳು, ಸ್ನಾನ ಅಂದಳು, ನಿದ್ದೆ ಅಂದಳು. ದಿನಾ ಅವನು ಬೈದು ತಿದ್ದಿದ. ತಿದ್ದಿ ತಿದ್ದಿ ಅವನ ನಾಲಿಗೆಗೆ ಅದೇ ಚಾಳಿ ಹತ್ತಿತು.

ರಾಜಸಭೆಯ ದಿನ ಬಂತು. ಎಂಬುನ್ ತಲೆ ಮೇಲೆ ಬಟ್ಟೆ ಹೊದ್ದು, ಮಂಡಿಯೂರಿ, ಎರಡೂ ಕೈ ಹಣೆಗೆ ಮುಟ್ಟಿಸಿದಳು.

"ಸಾವಿರ ಸಾವಿರ ಕ್ಷಮೆ, ಪ್ರಭು. ಪಾತಿಕ್ ದೂರು ತಂದಿಲ್ಲ. ಬೆಂತಾರ ದಾತುಕ್ ತಮ್ಮ ಸೇವೆಯಲ್ಲಿ ಎಷ್ಟು ಸವೆಯುತ್ತಿದ್ದಾರೆ ಅಂತ ಹೇಳೋಕೆ ಬಂದೆ."

ಒಂದಕ್ಷರ ತಪ್ಪಿರಲಿಲ್ಲ. ಸೆಮಾನ್ ಮೀಸೆಯಡಿ ನಕ್ಕ. "ಹೇಳು, ಹೇಳು," ಅಂದ.

"ಪಾಪ, ದಾತುಕ್ ಮುಂಜಾನೆ ಎದ್ದು ತಣ್ಣೀರಲ್ಲಿ ಸ್ನಾನ ಮಾಡ್ತಾರೆ."

ಸೆಮಾನ್‌ನ ಹುಬ್ಬು ಗಂಟಾಯಿತು.

"ಬರೀ ಚಾಪೆ ಮೇಲೆ ನಿದ್ದೆ ಮಾಡ್ತಾರೆ."

ಬೆತ್ತ ಅರ್ಧ ಮೇಲೆದ್ದಿತು.

"ನಿನ್ನೆ ಮಧ್ಯಾಹ್ನ ಒಣಮೀನು ನಂಚಿಕೊಂಡು ನಮ್ಮಂಥವರ ಹಾಗೆ ಊಟ ಮಾಡಿದ್ರು, ಪ್ರಭು. ಬರೀ ಊಟ!"

"ಊಟವಂತೆ ಊಟ!" ಬೆತ್ತ ನೆಲಕ್ಕೆ ಬಡಿಯಿತು. "ಸಾಂತಪ್ ಅನ್ನು! ಎಷ್ಟು ಸಲ ಹೇಳಬೇಕು ನಿನಗೆ, ಅಡುಗೆಮನೆ ನಾಯಿ!"

ಸಭೆಯಲ್ಲಿ ಬೀಸಣಿಗೆ ಬೀಸುವವರ ಕೈ ಕೂಡ ನಿಂತಿತು. ಸೆಮಾನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಇಟ್ಟುಕೊಂಡರೇನು, ಮಾತು ಹೊರಗೆ ಬಿದ್ದಾಗಿತ್ತು.

ರಾಜ ಮೆಲ್ಲಗೆ ಕೇಳಿದ. "ಬೆಂತಾರ, ನಾನಂತೂ ನಿನ್ನ ಮನೆಗೆ ಬಂದವನಲ್ಲ. ಹಾಗಾದರೆ ಅಲ್ಲಿ ಸಾಂತಪ್ ಮಾಡೋರು ಯಾರು?"

"ಪ್ರಭು, ಪಾತಿಕ್... ನಾಲಿಗೆ ಜಾರಿತು, ಪ್ರಭು."

"ಬೇರೆಯವರ ನಾಲಿಗೆ ಜಾರಿದಾಗ ನೀನು ಏನು ಮಾಡಿದೆ?"

ಎಂಬುನ್ ತಲೆಯ ಬಟ್ಟೆ ಸರಿಸಿದಳು. ಅವಳ ಕಣ್ಣು ಕೆಂಪಾಗಿತ್ತು.

"ಏನು ಮಾಡಿದ ಅಂತ ಪಾತಿಕ್ ಹೇಳ್ತೀನಿ, ಪ್ರಭು. ಮುದುಕನ ಬೆರಳು ಮುರಿಸಿದ. ಒಡಹುಟ್ಟಿದ ತಮ್ಮನ್ನ ಕಳಕೊಂಡವನನ್ನ ಬಿಸಿಲಿಗೆ ಕಟ್ಟಿದ. ಪಾತಿಕ್‌ನ ಗಂಡನ ಬಾಯಿಗೆ ಮೆಣಸಿನಕಾಯಿ ತಿಕ್ಕಿಸಿದ. ಅವರು ಹೇಳೋಕೆ ಬಂದಿದ್ದು ಒಂದೇ ಮಾತು. ಆದರೆ ಆ ಮಾತು ಈ ಸಭೆಯಲ್ಲಿ ಆಡೋ ಹಾಗಿಲ್ಲ."

"ಆಡು," ಅಂದ ರಾಜ.

"ಸತ್ತರು!" ಅಂತ ಎಂಬುನ್ ಕೂಗಿದಳು. ಕಂಬಗಳಿಗೆ ಬಡಿದು ಆ ಮಾತು ಮೂರು ಸಲ ಮರುದನಿಸಿತು. "ಏಳು ಜನ ಸತ್ತರು. ತಮ್ಮ ಹೆಸರು ಹೇಳಿ ಇವನು ತನ್ನ ಮೆಣಸಿನ ತೋಟಕ್ಕೆ ದುಡಿಸಿ ಕೊಂದ. ಮೂರು ಜನ ತಮ್ಮ ಮುಂದೇ ಬಂದು ಬಾಯಿ ತೆರೆದ್ರು. ಮೂವರನ್ನೂ ತಮ್ಮ ಕಣ್ಣೆದುರೇ ಎಳಕೊಂಡು ಹೋದ್ರು. ಯಾಕಪ್ಪಾ ಬಂದೆ ಅಂತ ತಾವೂ ಒಂದು ಮಾತು ಕೇಳಲಿಲ್ಲ, ಪ್ರಭು!" ಅಂತಂದು ಏಳೂ ಜನರ ಹೆಸರು ಹೇಳಿದಳು, ಒಂದೊಂದಾಗಿ, ಯಾರ ಮಗ ಯಾರ ಗಂಡ ಅಂತ.

ರಾಜ ಸಿಂಹಾಸನದಿಂದ ಇಳಿದ. "ತಪ್ಪು ನನ್ನದೂ ಇದೆ ತಾಯಿ," ಅಂದ. "ಇನ್ನು ಮೇಲೆ ಕಷ್ಟ ಹೇಳಿಕೊಳ್ಳೋಕೆ ಬಂದವರ ಮಾತು ತಿದ್ದೋ ಹಾಗಿಲ್ಲ." ಸೆಮಾನ್‌ನ ಪದವಿ ಕಿತ್ತ. ತೋಟವನ್ನು ಸತ್ತವರ ಮನೆಗಳಿಗೆ ಹಂಚಿದ. "ಆ ಏಳು ಮನೆಗೂ, ನೀನು ಹಿಂಸಿಸಿದ ಮೂವರ ಮನೆಗೂ ಹೋಗು. ಬಿಸಿಲಲ್ಲಿ ನಿಂತು, ಅಲಂಕಾರವಿಲ್ಲದ ಮಾತಲ್ಲಿ ತಪ್ಪು ಒಪ್ಪಿಕೋ. ಆಮೇಲೆ ನನ್ನ ರಾಜ್ಯದಲ್ಲಿ ಇರಬೇಡ," ಅಂದ.

ಸೆಮಾನ್ ತಾನೇ ಹುಟ್ಟು ಹಾಕಿಕೊಂಡು ಹಳ್ಳಿಗೆ ಬಂದ. ಕೊನೆಗೆ ಎಂಬುನ್ ಮನೆಯ ಮೆಟ್ಟಿಲ ಕೆಳಗೆ ನಿಂತ. "ಕೆಟ್ಟದ್ದು ಮಾಡಿದೆ. ತಪ್ಪಾಯಿತು," ಅಂದ.

ಆ ನಾಡಿನಲ್ಲಿ ಮನೆ ಬಾಗಿಲಿಗೆ ಬಂದವನು ವೈರಿಯಾದರೂ 'ಮೇಲೆ ಬನ್ನಿ' ಅನ್ನಬೇಕು, ಎಲೆ ಅಡಿಕೆಯ ತಟ್ಟೆ ಮುಂದಿಡಬೇಕು. ಎಂಬುನ್ ಹುಟ್ಟಿದಾಗಿನಿಂದ ಈ ಮರ್ಯಾದೆ ತಪ್ಪಿದವಳಲ್ಲ. ಅವತ್ತು ತಪ್ಪಿದಳು. ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು. ಮೇಲೆ ಬಾ ಅನ್ನಲಿಲ್ಲ. ಅವಳ ಹಿಂದೆ ನಿಂತಿದ್ದ ದೆರಾಮಾನ್‌ನ ಗಂಟಲು ಗರಗರ ಅಂದಿತು. "ಹೋಗು," ಅಂದ. ಎರಡು ತಿಂಗಳಿಂದ ಅವನು ಆಡಿದ ಮೊದಲ ಮಾತು ಅದು.

ಕೇಳಿದಿರಲ್ಲ ಮಕ್ಕಳೇ? ಒಳ್ಳೆ ಮಾತು ಇರುವುದು ಎದುರಿನವರ ಮನಸ್ಸು ನೋಯದಿರಲಿ ಅಂತ. ನೊಂದವರ ಬಾಯಿ ಮುಚ್ಚಿಸೋಕೆ ಅದನ್ನು ಬಳಸುವವನು ಎಲ್ಲರಿಗಿಂತ ದೊಡ್ಡ ಮರ್ಯಾದೆಗೇಡಿ. ಯಾರಾದರೂ ಅಳುತ್ತಾ ಬಂದರೆ ಅವರ ಮಾತಿನ ತಪ್ಪು ಹಿಡಿಯಬೇಡಿ. ಏನಾಯಿತು ಅಂತ ಮೊದಲು ಕೇಳಿ.